ದುಂಡಪ್ಪ ವಕೀಲನಾಗುವ ಮೊದಲು

ಅಂಕಲಗಿಯ ಗುರುಲಿಂಗಪ್ಪನವರ ಮಗ ದುಂಡಪ್ಪ ಕೊಲ್ಲಾಪುರದಲ್ಲಿ ಕಾಯ್ದೆ ಕಲಿಯುತ್ತಿದ್ದ. ಕೊನೆಯ ಪರೀಕ್ಷೆ ಹತ್ತಿರ ಬಂದಿತ್ತು. ಊರಿನವರಿಗೆ ಮಾತ್ರ ಪರೀಕ್ಷೆಯ ಹಂಗಿರಲಿಲ್ಲ. ಅವನು ಕೊಲ್ಲಾಪುರದ ಮೋಟಾರು ಹತ್ತಿದ ದಿನದಿಂದಲೇ ‘ವಕೀಲರ’ ಎಂದು ಕರೆಯತೊಡಗಿದ್ದರು. ಮೊದಮೊದಲು ದುಂಡಪ್ಪ ನಾಚಿಕೊಂಡು, ‘ಇನ್ನೂ ಆಗಿಲ್ಲರಿ’ ಅನ್ನುತ್ತಿದ್ದ. ಎರಡನೆಯ ವರ್ಷಕ್ಕೆ ಹಾಗನ್ನುವುದನ್ನು ಬಿಟ್ಟ. ಈಗಂತೂ ಯಾರಾದರೂ ಬರೀ ‘ದುಂಡಪ್ಪಾ’ ಎಂದು ಕೂಗಿದರೆ ತಿರುಗಿ ನೋಡುವುದು ಸ್ವಲ್ಪ ತಡವಾಗುತ್ತಿತ್ತು.

ಅವನ ಖೋಲಿಯಲ್ಲಿ ಅಂಗೈಯಷ್ಟು ದೊಡ್ಡ ಕನ್ನಡಿಯೊಂದಿತ್ತು. ಅದರ ಮುಂದೆ ನಿಂತು ವಾದ ಮಾಡುವುದನ್ನು ರೂಢಿಸುತ್ತಿದ್ದ. ಬಾಯಿ ನೋಡಿಕೊಂಡರೆ ಕೈ ಕಾಣುತ್ತಿರಲಿಲ್ಲ, ಕೈ ನೋಡಿಕೊಂಡರೆ ಬಾಯಿ ಕಾಣುತ್ತಿರಲಿಲ್ಲ. ಹೀಗಾಗಿ ಒಂದು ದಿನ ಬಾಯಿಗೆ, ಮರುದಿನ ಕೈಗೆ ಎಂದು ಹಂಚಿದ್ದ. ಗೋಕಾಕದ ಕೋರ್ಟಿನಲ್ಲಿ ತಾನು ಕರಿ ಕೋಟು ತೊಟ್ಟು ಎದ್ದು ನಿಲ್ಲುವುದು, ಎದುರಿನ ವಕೀಲ ಮಾತು ಸಿಗದೆ ಕಾಗದ ಹುಡುಕುವುದು, ಗೆದ್ದ ಕಕ್ಷಿದಾರ ಕಾಲಿಗೆ ಬೀಳಲು ಬಂದಾಗ ತಾನು ‘ಏಳ್ರಿ, ಏಳ್ರಿ’ ಅನ್ನುವುದು ಎಲ್ಲವೂ ಅವನ ಕಣ್ಣಿಗೆ ಕಟ್ಟಿತ್ತು. ಸೋಲುವ ಕಕ್ಷಿದಾರನೂ ತನ್ನ ಬಾಗಿಲಿಗೆ ಬರಬಹುದೆಂಬುದು ಆ ಕನಸಿನಲ್ಲಿ ಎಲ್ಲಿಯೂ ಇರಲಿಲ್ಲ.

ಪರೀಕ್ಷೆಗೆ ಮುಂಚಿನ ಸೂಟಿಗೆ ಊರಿಗೆ ಬಂದಾಗ ಅಪ್ಪ ಸುದ್ದಿ ಹೇಳಿದರು.

‘ಹುಕ್ಕೇರಿ ವೀರಪ್ಪನವರು ಹೇಳಿ ಕಳಸ್ಯಾರ. ಮೆಣಸಿನಕಾಯಿ ವ್ಯಾಪಾರಸ್ಥರು, ಒಳ್ಳೆ ಮನಿತನ. ಮಗಳು ಗೌರವ್ವ ಏಳನೇತ್ತೆ ಮುಲ್ಕಿ ಪರೀಕ್ಷಾ ಪಾಸಾಗ್ಯಾಳಂತ. ಅಳಿಯಾ ಆದ್ರ ವಕೀಲನ ಆಗಬೇಕು ಅಂತ ಹಟ ಹಿಡದಾರಂತ.’

‘ವಕೀಲನ ಯಾಕಂತ?’

‘ಕಲತವರ ಮ್ಯಾಲ ಅಭಿಮಾನ ಇರಬೇಕೋ.’

ದುಂಡಪ್ಪನಿಗೆ ಈ ಉತ್ತರ ಬಹಳ ಹಿಡಿಸಿತು. ಪುಸ್ತಕ ಮುಚ್ಚಿಟ್ಟು, ಧೋತರಕ್ಕೆ ನೀಲಿ ಹಾಕಿಸಿ, ಅಪ್ಪನ ಜೊತೆ ಹುಕ್ಕೇರಿಗೆ ಹೊರಟ.

ವೀರಪ್ಪನವರ ಮನೆ ಒಂದು ಕಾಲಕ್ಕೆ ದೊಡ್ಡದಾಗಿತ್ತು. ಈಗ ನಡುವೆ ಗೋಡೆ ಎದ್ದು ಎರಡಾಗಿತ್ತು. ಒಂದರಲ್ಲಿ ವೀರಪ್ಪ, ಇನ್ನೊಂದರಲ್ಲಿ ತಮ್ಮ ಕೆಂಚಪ್ಪ. ಪಾಲಾಗಿ ಬಹಳ ವರ್ಷಗಳಾಗಿದ್ದವು. ಮಾತು ನಿಂತೇ ಹತ್ತು ಹನ್ನೆರಡು ವರ್ಷವಾಗಿತ್ತು. ಬೀದಿಯಲ್ಲಿ ಎದುರಾದರೆ ಇಬ್ಬರೂ ಮಳೆ ಬರುತ್ತದೇನೋ ಎಂಬಂತೆ ಆಕಾಶ ನೋಡುತ್ತಿದ್ದರು. ಅವರ ತಾಯಿ ಪಾರವ್ವ ಈ ಮನೆಯಲ್ಲಿ ಒಂದು ತಿಂಗಳು, ಆ ಮನೆಯಲ್ಲಿ ಒಂದು ತಿಂಗಳು ಉಂಡುಕೊಂಡು, ಉಳಿದ ಹೊತ್ತೆಲ್ಲ ಎರಡೂ ಬಾಗಿಲ ನಡುವಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು.

ಶಿರಾ ಬಂತು, ಚಹಾ ಬಂತು, ಗೌರವ್ವ ಬಂದಳು. ದುಂಡಪ್ಪ ಕೇಳಬೇಕೆಂದು ಮೂರು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದ. ಮೊದಲನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ವೀರಪ್ಪ, ‘ಆತಲ್ಲ ನೋಡೂದು? ನೀ ಒಳಗ ಹೋಗವ್ವಾ’ ಎಂದು ಮಗಳನ್ನು ಕಳಿಸಿ, ಹುಡುಗನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದರು. ಗುರುಲಿಂಗಪ್ಪನವರು ಕೈಯಲ್ಲಿದ್ದ ಚಹಾದ ಬಸಿಯೊಡನೆಯೇ ಹಿಂದೆ ಬಂದರು.

‘ಅಲ್ಲಿ ನೋಡ್ರಿ ವಕೀಲರ’ ಎಂದು ವೀರಪ್ಪ ಗೋಡೆಯ ಮೇಲಿಂದ ಈಚೆಗೆ ಚಾಚಿಕೊಂಡಿದ್ದ ನೀರಿನ ತಗಡಿನತ್ತ ಬೆರಳು ಮಾಡಿದರು. ‘ಅದು ನನ್ನ ತಮ್ಮನ ಮಾಳಗಿ ದೋಣಿ. ಮಳಿಗಾಲ ಬಂತಂದ್ರ ಅವನ ಮಾಳಗಿ ನೀರೆಲ್ಲಾ ನನ್ನ ಹಿತ್ತಲದಾಗ. ಮದಿವಿ ಒಂದ ಮುಗೀಲಿ, ನೀವು ನನ್ನ ಕಡಿಂದ ಕೋರ್ಟಿನ್ಯಾಗ ನಿಂತು ಆ ದೋಣಿ ಕೀಳಸಬೇಕು.’

ಕಲಿತವರ ಮೇಲಿನ ಅಭಿಮಾನ ಯಾಕೆಂದು ಈಗ ತಿಳಿಯಿತು. ಆದರೂ ‘ನನ್ನ ಕಡಿಂದ’ ಎಂಬ ಮಾತು ಕಿವಿಗೆ ಬಿದ್ದೊಡನೆ ದುಂಡಪ್ಪನ ಬೆನ್ನು ತಾನೇ ನೆಟ್ಟಗಾಯಿತು.

‘ನೀರು ಯಾವಾಗಿಂದ ಬೀಳಾಕತ್ತೈತ್ರಿ?’

‘ಬ್ಯಾರಿ ಆಗಿ ಇಪ್ಪತ್ತೈದು ವರ್ಷ ಆತು. ಅವತ್ತಿನಿಂದ ಬೀಳಾಕತ್ತೈತಿ.’

ಇಲ್ಲೇ ಎಡವಟ್ಟಾಯಿತು. ಇಡೀ ಕಾಯ್ದೆಯಲ್ಲಿ ದುಂಡಪ್ಪನಿಗೆ ಅರ್ಧಂಬರ್ಧ ಬರುತ್ತಿದ್ದ ಅಧ್ಯಾಯಗಳೇ ಹೆಚ್ಚು. ಆದರೆ ನೆರೆಮನೆಯವರ ನೀರು, ಬೆಳಕು, ದಾರಿಗಳ ಹಕ್ಕಿನ ಅಧ್ಯಾಯವನ್ನು ಹಿಂದಿನ ವಾರವಷ್ಟೇ ಉರು ಹೊಡೆದಿದ್ದ. ಪರೀಕ್ಷೆಯಲ್ಲಿ ಅದೇ ಬರಲಿ ಎಂದು ದೇವರಿಗೆ ಬೇಡಿಕೊಂಡೂ ಇದ್ದ. ಬಂದ ಉತ್ತರ ಬಾಯಲ್ಲಿ ನಿಲ್ಲಲಿಲ್ಲ.

‘ಇಪ್ಪತ್ತು ವರ್ಷ ತಂಟೆ ತಕರಾರಿಲ್ಲದ ಹರದು ಬಂದ್ರ ಅದು ಅವರ ಹಕ್ಕ ಆಕ್ಕೈತ್ರಿ. ದಾವೆ ಹಾಕಿದ್ರ ನೀವು ಸೋಲತೀರಿ.’

ಗುರುಲಿಂಗಪ್ಪನವರಿಗೆ ಜೋರಾಗಿ ಕೆಮ್ಮು ಬಂತು. ಆ ಕೆಮ್ಮಿನ ಅರ್ಥ ಮಗನಿಗೆ ಆಗಲಿಲ್ಲ. ಗೋಡೆಯಾಚೆಯಿಂದ ದೊಡ್ಡ ನಗೆ ಕೇಳಿತು. ಏಣಿ ಹಾಕಿಕೊಂಡು ಎಲ್ಲ ಕೇಳುತ್ತಿದ್ದ ಕೆಂಚಪ್ಪ ಗೋಡೆಯ ಮೇಲೆ ತಲೆ ಎತ್ತಿದ.

‘ಭಪ್ಪರೆ! ವಕೀಲ ಅಂದ್ರ ಹಿಂಗಿರಬೇಕು. ಹಂಗಾದ್ರ ನಂದೂ ಒಂದು ಹೇಳ್ರಿ. ಆ ಕಿಡಕಿ ನೋಡ್ರಿ, ಸೀದಾ ನನ್ನ ಅಂಗಳದಾಗ ತಗದಾನ. ಅದಕ್ಕ ಅಡ್ಡ ಗ್ವಾಡಿ ಕಟ್ಟಿ ಮುಚ್ಚಾವ ಅದೀನಿ.’

‘ಅದು ಯಾವಾಗಿಂದೈತ್ರಿ?’

‘ಅದೂ ಇಪ್ಪತ್ತೈದು ವರ್ಷದ್ದ.’

‘ಹಂಗಾದ್ರ ಬೆಳಕಿಗೂ ಅದ ಕಾಯ್ದೆ ಬರತೈತ್ರಿ’ ಅಂದ ದುಂಡಪ್ಪ. ‘ಮುಚ್ಚಿದ್ರ ನೀವೂ ಸೋಲತೀರಿ.’

ಕೆಂಚಪ್ಪನ ನಗೆ ಇಂಗಿಹೋಯಿತು. ಏಣಿಯ ಮೇಲಿಂದಲೇ ಬಾಗಿ ಕೇಳಿದ: ‘ಏ ಅಣ್ಣಾ, ಏನ ಕಲಿಸ್ಯಾರೋ ಇವಂಗ ಕೊಲ್ಲಾಪುರದಾಗ? ಇಂಥಾವಂಗ ಹೆಣ್ಣ ಕೊಡತೀಯೇನ?’

‘ನನಗೇನ ಹುಚ್ಚ ಹಿಡದೈತೇನೋ ತಮ್ಮಾ?’ ಅಂದರು ವೀರಪ್ಪ.

ಅಂದಮೇಲೆ ಇಬ್ಬರಿಗೂ ತಾವು ಮಾತಾಡಿಬಿಟ್ಟದ್ದು ಹೊಳೆಯಿತು. ವೀರಪ್ಪ ನೆಲ ನೋಡಿದರು. ಕೆಂಚಪ್ಪ ಏಣಿಯ ಮೇಲೆ ಇಳಿಯಲೂ ಆಗದೆ ನಿಲ್ಲಲೂ ಆಗದೆ ಮೀಸೆ ತೀಡಿದ. ಹಿತ್ತಲ ಬಾಗಿಲಲ್ಲಿ ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

‘ಇನ್ನೊಂದ ಸಲ ಅನ್ನೋ ವೀರಪ್ಪಾ, ತಮ್ಮಾ ಅಂತ’ ಅಂದಳು.

ಗುರುಲಿಂಗಪ್ಪನವರು ಮಗನ ರಟ್ಟೆ ಹಿಡಿದು ಹೊರಗೆ ಎಳೆದರು. ದುಂಡಪ್ಪ ಕಟ್ಟೆಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದಾಗ ಬಾಗಿಲ ಸಂದಿಯಿಂದ ಗೌರವ್ವನ ದನಿ ಬಂತು.

‘ಆ ಕಿಡಕಿ ನನ್ನ ಖೋಲೀದರಿ. ಮುಚ್ಚಾಕ ಬರೂದಿಲ್ಲ ಅಂದ್ರೆಲಾ, ಖರೆ ಏನ್ರಿ?’

‘ಖರೆ’ ಅಂದ ದುಂಡಪ್ಪ. ಎಡಗಾಲಿಗೆ ಅಪ್ಪನ ಚಪ್ಪಲಿ, ಬಲಗಾಲಿಗೆ ತನ್ನದು ಹಾಕಿಕೊಂಡು ಹೊರಟ.

ಮೋಟಾರಿನಲ್ಲಿ ಅಪ್ಪ ತಮ್ಮ ಚಪ್ಪಲಿ ಕಸಿದುಕೊಂಡು ಹೊರಗೆ ನೋಡುತ್ತ ಕುಳಿತರು. ಮಗನಿಗೆ ತಲೆಯ ತುಂಬ ಯೋಚನೆ. ‘ಕಾಗದಪತ್ರ ನೋಡಿ ಹೇಳತೀನ್ರಿ’ ಅಂದಿದ್ದರೆ ಮದುವೆಯೂ ಆಗುತ್ತಿತ್ತು, ಮೊದಲ ದಾವೆಯೂ ಸಿಗುತ್ತಿತ್ತು. ಕಕ್ಷಿದಾರರನ್ನು ಕಳಿಸಿಬಿಡುವುದೇ ತನ್ನ ಕಸುಬಾದರೆ ಕರಿ ಕೋಟು ಹೊಲಿಸುವುದಾದರೂ ಯಾಕೆ? ಊರು ಮುಟ್ಟುವವರೆಗೂ ಯೋಚಿಸಿದ. ಏನು ಮಾಡಿದರೂ ಆ ದೋಣಿಯ ಬಗ್ಗೆ ಬೇರೆ ಉತ್ತರ ಹೊಳೆಯಲಿಲ್ಲ.

ಇತ್ತ ಹುಕ್ಕೇರಿಯಲ್ಲಿ ಪಾರವ್ವ ಎರಡೂ ಮನೆಯ ಊಟ ಬಿಟ್ಟು ಕುಳಿತಳು. ‘ಊರ ಹಿರೇರು, ಮಠದ ಅಯ್ಯನವರು ಯಾರ ಕೈಲಿ ಆಗದ್ದನ್ನ ಆ ಹುಡುಗ ಒಂದ ಗಳಿಗ್ಯಾಗ ಮಾಡಿದ. ಗೌರೀನ ಅವಂಗ ಕೊಡ್ರಿ, ಇಲ್ಲಂದ್ರ ನನ್ನ ಹಿಂಗ ಬಿಡ್ರಿ’ ಅಂದಳು. ಆಕೆಯ ಹಟ ಸಂಜೆಯವರೆಗೆ ನಡೆಯಿತು. ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಏನು ಮಾಡುವುದೆಂದು ಯೋಚಿಸಬೇಕಾಯಿತು, ಯೋಚಿಸಲು ಮಾತಾಡಲೇಬೇಕಾಯಿತು.

ದುಂಡಪ್ಪ ಪಾಸಾದ. ಆ ಅಧ್ಯಾಯದ ಮೇಲೆ ಪ್ರಶ್ನೆಯೇ ಬಂದಿರಲಿಲ್ಲ. ಮದುವೆಯಲ್ಲಿ ವೀರಪ್ಪ, ಕೆಂಚಪ್ಪ ಇಬ್ಬರೂ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಂಡರು. ಬೆಳಗಿನಿಂದ ಜಗಳವಾಡುತ್ತಲೇ ಇದ್ದರು, ಆದರೆ ಬಾಯಿಬಿಟ್ಟು ಆಡುತ್ತಿದ್ದರು. ಪಾರವ್ವನಿಗೆ ಅಷ್ಟು ಸಾಕಾಗಿತ್ತು.

ಗೋಕಾಕದಲ್ಲಿ ದುಂಡಪ್ಪ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದ. ಒಂದು ದಿನ ಪಾರವ್ವ ಮೊಮ್ಮಗಳ ಗಂಡನನ್ನು ಕೋಟಿನಲ್ಲಿ ನೋಡಬೇಕೆಂದು ರೊಟ್ಟಿಯ ಗಂಟು ಕಟ್ಟಿಕೊಂಡು ಬಂದಳು. ಅವನು ಒಳಗಿದ್ದ. ಆಕೆ ಕೋರ್ಟಿನ ಕಟ್ಟೆಯ ಮೇಲೆ ಕುಳಿತು, ಅವನಿಗಾಗಿ ಕಾಯುತ್ತಿದ್ದ ಮಂದಿಗೆಲ್ಲ ಹೆಮ್ಮೆಯಿಂದ ಹೇಳಿದಳು:

‘ನಮ್ಮ ಹುಡುಗ ಭಾಳ ಶಾಣ್ಯಾ. ನೀವು ಸೋಲಾವ್ರಿದ್ರ ಮೊದಲ ಹೇಳಿಬಿಡತಾನ.’

ದುಂಡಪ್ಪ ಕೋಟು ಸರಿಪಡಿಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಮಂದಿ ಬಾಜೂದ ವಕೀಲರ ಕಡೆ ಹೋಗಿದ್ದರು. ಉಳಿದವರನ್ನು ಅವನು ಒಬ್ಬೊಬ್ಬರಾಗಿ ಹತ್ತಿರ ಕರೆದ.