ಹಣ್ಣಾದ ಕಾಲು

ಉಪ್ಪಿನ ಆಗರಕ್ಕೆ ಹೊಸದಾಗಿ ಇಳಿದವಳ ಕಾಲು ಉರಿಯದೆ ಬಿಡುವುದಿಲ್ಲ. ಉಪ್ಪುನೀರು ಬೆರಳ ಸಂದಿಗೆ ಇಳಿಯುತ್ತದೆ, ಹರಳು ಹಿಮ್ಮಡಿಯ ಬಿರುಕಿಗೆ ಹೊಗುತ್ತದೆ. ಮನೆಗೆ ಬಂದು ಎಷ್ಟು ತಣ್ಣೀರು ಸುರಿದುಕೊಂಡರೂ ಉರಿ ತಗ್ಗುವುದಿಲ್ಲ. ಕೆಲವರಿಗೆ ಅದು ಮೂರು ವರ್ಷ, ಕೆಲವರಿಗೆ ಹತ್ತು, ಎಷ್ಟೋ ಜನರಿಗೆ ಸಾಯುವತನಕ. ಉರಿ ನಿಂತವಳಿಗೆ ತೂತ್ತುಕುಡಿಯ ತೆಂಕಣ ಉಪ್ಪಿನ ಪಾತಿಗಳಲ್ಲಿ ಒಂದು ಮರ್ಯಾದೆ ಇತ್ತು. ಅವಳ ಕಾಲು ಹಣ್ಣಾಯಿತು ಎನ್ನುತ್ತಿದ್ದರು. ಹಣ್ಣಾದ ದಿನ ಅವಳು ಜೊತೆಯ ಹೆಂಗಸರಿಗೆಲ್ಲ ತಾಳೆಬೆಲ್ಲದ ಕಾಫಿ ಕಾಸಿ ಕೊಡಬೇಕು.

ಪೇಚಿತಾಯಿಯ ಕಾಲು ಹಣ್ಣಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಇಪ್ಪತ್ತೆಂಟು ವರ್ಷ ಉರಿದ ಕಾಲು. ಪಾತಿಯ ಬದುವಿನ ಮೇಲೆ ಸಾಲಾಗಿ ಕುಳಿತು ಅವಳ ಕಾಫಿ ಕುಡಿದವರಲ್ಲಿ ತಂಗಿ ಮುತ್ತುಕನಿಯೂ ಒಬ್ಬಳು. ಸಕ್ಕರೆ ಕಾಯಿಲೆಯ ಬಗ್ಗೆ ನಾಲ್ಕಕ್ಷರ ಓದಿಕೊಂಡವಳು ಆ ಊರಿನಲ್ಲಿ ಅವಳೊಬ್ಬಳೇ. ಅವಳೂ ಲೋಟ ಎತ್ತಿ, ಅಕ್ಕನ ಮುಖ ನೋಡಿ ನಕ್ಕಿದ್ದಳು.

ಮುತ್ತುಕನಿಯ ಕಾಲಿಗೆ ಉಪ್ಪಿನ ಉರಿ ಗೊತ್ತಿರಲಿಲ್ಲ. ತಾಯಿ ತೀರಿಕೊಂಡಾಗ ಅವಳಿನ್ನೂ ನಾಲ್ಕನೆಯ ಕ್ಲಾಸು. ಶಾಲೆಗೆ ಹೋಗಲು ಆಗರ ದಾಟಬೇಕಿತ್ತು. ಅಕ್ಕ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ತಾನು ನೀರಿನಲ್ಲಿ ನಡೆದು ಆಚೆ ದಡಕ್ಕೆ ಇಳಿಸಿ ಬರುತ್ತಿದ್ದಳು. ಉರಿಯೋದು ಒಂದು ಜೊತೆ ಕಾಲಾದರೆ ಸಾಕು ಎನ್ನುತ್ತಿದ್ದಳು. ಹಾಗೆ ದಾಟಿದ ಹುಡುಗಿ ಹತ್ತನೆಯ ಕ್ಲಾಸು ಮುಗಿಸಿದಳು. ಅದರಿಂದಲೇ ಮುಂದೆ ಅವಳಿಗೆ ಆರೋಗ್ಯ ಕಾರ್ಯಕರ್ತೆಯ ಕೆಲಸ ಸಿಕ್ಕಿತು. ಹೆಗಲ ಚೀಲದಲ್ಲಿ ರಕ್ತದ ಸಕ್ಕರೆ ನೋಡುವ ಪುಟ್ಟ ಯಂತ್ರ, ಮಾತ್ರೆಗಳು, ಹಂಚಲು ಒಂದು ಕಟ್ಟು ತಿಳಿವಳಿಕೆಯ ಕಾಗದ, ಬರೆಯಲು ಒಂದು ಪುಸ್ತಕ.

ಪುಸ್ತಕದಲ್ಲಿ ಒಂದು ಕಲಮು ಕಾಲಿನದು. ಉರಿ, ಜೋಮು, ಮರಗಟ್ಟುವುದು ಇದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಮೊದಲ ತಿಂಗಳು ಅವಳು ನಿಷ್ಠೆಯಿಂದ ಪ್ರತಿ ಮನೆಯಲ್ಲೂ ಕೇಳಿದಳು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಉರಿಯುತ್ತಾ ಅಂತ ಕೇಳ್ತಾಳಲ್ಲೇ ಇವಳು! ಬಾ ಟೀಚರಮ್ಮಾ, ಒಂದು ದಿನ ಇಳಿದು ನೋಡು. ಆಮೇಲೆ ನೀನೇ ಬರ್ಕೋ" ಎಂದಳು ಒಬ್ಬಳು. ಇಡೀ ಊರೇ ಹೌದು ಎಂದರೆ ಆ ಹೌದಿಗೆ ಏನು ಬೆಲೆ? ಉಪ್ಪನ್ನೇ ತುಳಿಯದವಳು ಉರಿಯ ಮಾತೆತ್ತುವುದಕ್ಕೆ ಅವಳಿಗೂ ನಾಚಿಕೆಯಾಯಿತು. ಎರಡನೆಯ ತಿಂಗಳಿನಿಂದ ಆ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಮನೆಗೆ ಬಂದು, ಅನ್ನ ಬೇಯುವಷ್ಟರಲ್ಲಿ, ಮೇಲಿನಿಂದ ಕೆಳಗಿನವರೆಗೆ ಎಲ್ಲರ ಸಾಲಿಗೂ ಇಲ್ಲ, ಇಲ್ಲ ಎಂದು ತುಂಬಿಬಿಡುತ್ತಿದ್ದಳು.

ಅಕ್ಕನ ಸಕ್ಕರೆ ಮುನ್ನೂರು ದಾಟಿದ್ದು ಅವಳಿಗೆ ಗೊತ್ತಿತ್ತು. ಮಾತ್ರೆ ಕೊಟ್ಟಳು, ಬೇಡಿಕೊಂಡಳು, ಜಗಳವಾಡಿದಳು. ಅಕ್ಕ ನೆನಪಾದಾಗ ಮಾತ್ರೆ ನುಂಗುತ್ತಿದ್ದಳು, ತಾಳೆಬೆಲ್ಲವನ್ನು ಮಾತ್ರ ಬಿಡಲಿಲ್ಲ. ಯಾರೋ ಕಳಿಸಿದ ಒಂದು ವಿಡಿಯೋ ಅವಳ ಫೋನಿನಲ್ಲಿತ್ತು. ಬಿಳಿ ಕೋಟಿನವನೊಬ್ಬ, ತಾಳೆಬೆಲ್ಲ ಸಕ್ಕರೆಯೇ ಅಲ್ಲ, ಸಕ್ಕರೆ ಕಾಯಿಲೆಗೆ ಅದೇ ಮದ್ದು ಎಂದು ಸಿಹಿಯಾಗಿ ಹೇಳುತ್ತಿದ್ದ. ಮುತ್ತುಕನಿ ತನ್ನ ಕಟ್ಟಿನಿಂದ ಒಂದು ಕಾಗದ ತೆಗೆದು ಅಕ್ಕನ ಮುಂದೆ ಹಿಡಿದಳು.

ಪೇಚಿತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಈ ಚಿತ್ರದಲ್ಲಿರೋ ಹೆಂಗಸು ಬೂಟು ಹಾಕ್ಕೊಂಡು ಪಾರ್ಕಲ್ಲಿ ನಡೀತಿದಾಳೆ ಕನಿ. ಅವಳಿಗೂ ನನಗೂ ಏನು ನಂಟು? ಆ ಮನುಷ್ಯ ನೋಡು, ನಮ್ಮ ಮಾತಲ್ಲೇ ನಮ್ಮ ಬೆಲ್ಲದ ವಿಷಯ ಹೇಳ್ತಾನೆ."

ಪಾತಿಯ ಮೆತ್ತನೆಯ ತಳ ಒಡೆದೀತೆಂದು ಮೇಸ್ತ್ರಿ ಅಲ್ಲಿ, ಬೂಟಿರಲಿ, ಚಪ್ಪಲಿಯನ್ನೂ ಹಾಕಗೊಡುತ್ತಿರಲಿಲ್ಲ.

ಕಾಫಿಯ ದಿನದ ನಂತರ ಐದು ತಿಂಗಳಿಗೆ, ಆಷಾಢದ ಹೊತ್ತಿನ ಆಡಿ ಮಾಸದಲ್ಲಿ, ಕಾರ್ಯಕರ್ತೆಯರಿಗೆಲ್ಲ ಒಂದು ದಿನದ ತರಬೇತಿ ನಡೆಯಿತು. ಕಲಿಸಲು ಬಂದ ವಯಸ್ಸಾದ ನರ್ಸಮ್ಮ ಒಂದೊಂದು ನೈಲಾನ್ ಎಳೆ ಹಂಚಿದರು. ಅಂಗಾಲಿಗೆ ಒತ್ತಿ, ಎಳೆ ಬಾಗುವಾಗ ಕೇಳಬೇಕು: ತಿಳಿಯಿತೇ ಎಂದು. ಆಮೇಲೆ ಅವರು ಅಂದರು: "ಉರೀತಾ ಇದೆ ಅಂದ್ರೆ ನರ ಇನ್ನೂ ಕೂಗ್ತಾ ಇದೆ. ಸಕ್ಕರೆ ಇರೋರಿಗೆ ಆ ಕೂಗು ತಾನಾಗೇ ನಿಂತ್ರೆ, ವಾಸಿಯಾಯ್ತು ಅಂದ್ಕೋಬೇಡಿ. ಭಯಪಡಿ."

ಮುತ್ತುಕನಿ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ನಡುಮಧ್ಯಾಹ್ನದ ಆಗರ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅಕ್ಕ ಹಲಗೆಯಿಂದ ಉಪ್ಪು ಎಳೆಯುತ್ತಿದ್ದಳು. ತಂಗಿ ಅವಳನ್ನು ಬದುವಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಕೊ, ಮುಟ್ಟಿದಾಗ ಹೇಳು ಎಂದಳು. ಇದೇನು ಮಕ್ಕಳಾಟ ಎಂದು ಗೊಣಗಿದರೂ ಪೇಚಿತಾಯಿ ಕಣ್ಣು ಮುಚ್ಚಿದಳು.

ಮುತ್ತುಕನಿ ಹಿಮ್ಮಡಿಗೆ ಒತ್ತಿದಳು. ಎಳೆ ಬಾಗಿತು. ಅಂಗಾಲ ನಡುವಿಗೆ ಒತ್ತಿದಳು, ಬೆರಳುಗಳ ಬುಡಕ್ಕೆ ಒತ್ತಿದಳು. ಒಂದೊಂದು ಸಲವೂ ಎಳೆ ಬಾಗಿ ನೆಟ್ಟಗಾಯಿತು. ಏಳು ಸಲ ಒತ್ತಿ ಮುಗಿದಾಗ ಅಕ್ಕ, ಕಣ್ಣು ಮುಚ್ಚಿಕೊಂಡೇ, ನಗುತ್ತಾ ಅಂದಳು:

"ಶುರು ಮಾಡೇ, ಕೆಲಸ ಇದೆ ನನಗೆ."

ಮುತ್ತುಕನಿ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಸೆರಗಿನಿಂದ ಕೆಸರು ಒರೆಸಿದಳು. ಹೆಬ್ಬೆರಳ ಬುಡದಲ್ಲಿ ಒಂದು ತೂತಿತ್ತು. ಅಂಚು ಬೆಳ್ಳಗೆ ಸುಲಿದಿತ್ತು, ರಕ್ತವಿರಲಿಲ್ಲ. ಒಳಗೆ ಕಡಲೆಕಾಳಿನಷ್ಟು ದೊಡ್ಡ ಉಪ್ಪಿನ ಹರಳೊಂದು ಕುಳಿತಿತ್ತು. ಅದು ಎಂದು ಹೊಕ್ಕಿತೋ ಪೇಚಿತಾಯಿಗೆ ಗೊತ್ತಿರಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ಆಮೇಲೆ ಅರ್ಧ ಪಾದ. ಕೊಳೆತದ ಕಪ್ಪು ಇನ್ನೂ ಮೇಲೇರಿತು. ಹದಿನೆಂಟನೆಯ ದಿನ ಮಂಡಿಯ ಕೆಳಗೆ ಕತ್ತರಿಸಿದರು. ಹೊರಗೆ ಬೆಂಚಿನ ಮೇಲೆ ಕುಳಿತ ಮುತ್ತುಕನಿ ಪುಸ್ತಕ ತೆರೆದು ಅಕ್ಕನ ಸಾಲಿನ ಮೇಲೆ ಬೆರಳು ಇಟ್ಟಳು. ಎರಡನೆಯ ತಿಂಗಳಿನಿಂದಾಚೆಗೆ, ತನ್ನದೇ ಗುಂಡಾದ ಅಕ್ಷರದಲ್ಲಿ, ಇಲ್ಲ. ಉರಿ ಇದ್ದ ತಿಂಗಳೂ ಇಲ್ಲ, ನಿಂತ ತಿಂಗಳೂ ಇಲ್ಲ. ಉರಿ ಇದ್ದಷ್ಟು ತಿಂಗಳೂ ಹೌದು ಎಂದು ಬರೆದಿದ್ದರೆ, ಅದು ಇಲ್ಲವಾದ ತಿಂಗಳು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅಕ್ಕನಿಗೆ ಎಚ್ಚರವಾದ ಮೇಲೆ ಅದನ್ನು ಹೇಳಿಕೊಂಡಳು. ಪೇಚಿತಾಯಿ ಗೋಡೆ ನೋಡುತ್ತಾ, ನೀನು ಕೇಳಿದ್ದರೂ ನಾನು ನಗುತ್ತಿದ್ದೆ ಎಂದಳು. ಆ ಮಾತಿನಿಂದ ಮುತ್ತುಕನಿಗೆ ಸಮಾಧಾನವಾಗಲಿಲ್ಲ.

ಊರಿಗೆ ಮರಳಿದವಳೇ ಅವಳು ಎಳೆ ಹಿಡಿದು ಪಾತಿಗೆ ಹೋದಳು. ಹತ್ತೊಂಬತ್ತು ಹೆಂಗಸರ ಕಾಲು ನೋಡಬೇಕಿತ್ತು. ಅವಳು ಬದು ಏರುವಷ್ಟರಲ್ಲಿ ಒಬ್ಬೊಬ್ಬರೇ ಕಾಲು ಹಿಂದಕ್ಕೆ ಮಡಿಸಿ ಸೀರೆಯೊಳಗೆ ಎಳೆದುಕೊಂಡರು. "ಆ ದಾರ ಇಲ್ಲಿಗೆ ತರಬೇಡ ತಾಯಿ. ನಿಮ್ಮಕ್ಕ ನೆಟ್ಟಗೆ ನಡೀತಿದ್ದಳು. ನೀನು ಮುಟ್ಟಿಸಿದ ಮೇಲೆ ತಾನೇ ಕಾಲು ಹೋದದ್ದು?" ಎಂದಳು, ಹಿಂದೆ ಟೀಚರಮ್ಮಾ ಎಂದು ಕೆಣಕಿದವಳೇ. ಈಗ ಅವಳ ದನಿಯಲ್ಲಿ ನಗುವಿರಲಿಲ್ಲ. ಅಂದೇ ಅವಳ ಕಾಲು ಹಣ್ಣಾಗಿತ್ತು. ಬದುವಿನ ಮೇಲೆ ಕಾಫಿಯ ಪಾತ್ರೆ ಇನ್ನೂ ಬೆಚ್ಚಗಿತ್ತು.

ಮುತ್ತುಕನಿ ಮಾರನೆಯ ದಿನವೂ ಹೋದಳು, ಮರುವಾರವೂ ಹೋದಳು. ಯಾರೂ ಕಾಲು ಚಾಚಲಿಲ್ಲ.

ಹಿಂಗಾರು ಮಳೆ ಹಿಡಿಯುವ ಮುಂಚಿನ ಒಂದು ಸಂಜೆ ಅವಳು ಬರಿಗೈಯಲ್ಲಿ ಮನೆಗೆ ಬಂದಾಗ ಅಕ್ಕ ಚಾಪೆಯ ಮೇಲೆ ಹೊರಳಾಡುತ್ತಿದ್ದಳು.

"ಕಾಲು ಉರೀತಿದೆ ಕನಿ."

ಯಾವ ಕಾಲು ಎಂದು ಇದ್ದ ಕಾಲಿಗೆ ಕೈ ಹಾಕಿದಳು ತಂಗಿ.

"ಅದಲ್ಲ, ಹೋದದ್ದು. ಮೊದಲನೇ ವರ್ಷ ಉರೀತಿತ್ತಲ್ಲ, ಥೇಟ್ ಹಾಗೇ."

ಮುತ್ತುಕನಿಯ ಕಟ್ಟಿನಲ್ಲಿ ಇದಕ್ಕೊಂದು ಕಾಗದವಿರಲಿಲ್ಲ. ಅವಳು ಚೊಂಬಿನಲ್ಲಿ ತಣ್ಣೀರು ತಂದು, ಸೆರಗಿನ ತುದಿ ಅದ್ದಿ ಹಿಂಡಿ, ಮಂಡಿಯ ಕೆಳಗೆ ಬರಿದಾಗಿದ್ದ ಚಾಪೆಯ ಮೇಲೆ ಹಾಸಿದಳು.

"ಇನ್ನೂ ಕೆಳಗೆ" ಎಂದಳು ಅಕ್ಕ. "ಬೆರಳ ಹತ್ರ."