ಮೀನಿನ ತೊಟ್ಟಿಯ ಸಪ್ಪಳ

ಪಂಪಿನ ಸ್ವಿಚ್ ಹಾಕಿ ಐದು ನಿಮಿಷವೂ ಆಗಿರಲಿಲ್ಲ, ಹಿಂದಿನ ಮನೆಯ ಶಾಂತವ್ವ ಎರಡು ಖಾಲಿ ಕೊಡ ಹಿಡಿದು ಏದುಸಿರು ಬಿಡುತ್ತ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ನಿಮಗ ನೀರ ಬಂದಾವೇನ್ರೀ ಸರ? ಸಪ್ಪಳ ಕೇಳಿ ಓಡಿ ಬಂದೆ. ನಮ್ಮ ನಳದಾಗ ಇನ್ನೂ ಹನಿ ಇಲ್ರಿ."

ಬೈರಿದೇವರಕೊಪ್ಪದ ನಮ್ಮ ಓಣಿಗೆ ಎಂಟು ದಿನದಿಂದ ನೀರು ಬಿಟ್ಟಿರಲಿಲ್ಲ. ಶಾಂತವ್ವನದು ಮೇಲೆ ನೀರಿನ ಟಾಕಿಯೂ ಇಲ್ಲದ ಬಾಡಿಗೆ ಕೋಣೆ. ಅವರು ಕೇಳಿಸಿಕೊಂಡದ್ದು ನನ್ನ ಹೊಸ ಅಕ್ವೇರಿಯಮ್ಮಿನ ಸದ್ದು. ತೊಟ್ಟಿಯಲ್ಲಿ ಉಕ್ಕಿದ ನೀರು ಪೈಪಿನಲ್ಲಿ ಇಳಿದು ಕೆಳಗಿನ ಗಾಜಿನ ಸಂಪಿನೊಳಗೆ ದಬದಬನೆ ಬೀಳುತ್ತಿತ್ತು, ಅಲ್ಲಿ ಸೋಸಿಕೊಂಡು ಪಂಪಿನಿಂದ ಮತ್ತೆ ಮೇಲೇರುತ್ತಿತ್ತು. ಆ ಹರಿವು ಸರಿಹೋಗಲೆಂದು ಎರಡು ವಾರ ಒದ್ದಾಡಿದ್ದೆ. ತುಂಬಿಸಲು ಟ್ಯಾಂಕರ್ ಬೇರೆ ತರಿಸಿದ್ದೆ.

ತೊಟ್ಟಿಯತ್ತ ಕೈ ತೋರಿಸಿದೆ. ಶಾಂತವ್ವ ಒಳಗೆ ಬಂದು, ಕೊಡಗಳನ್ನು ಕೆಳಗೂ ಇಡದೆ, ಸುಮ್ಮನೆ ಸುತ್ತುತ್ತಿದ್ದ ಆ ನೀರನ್ನು ನೋಡಿದರು.

"ಇಷ್ಟೂ ಮೀನಿಗೇನ್ರೀ? ಇರ್ಲಿ ಬಿಡ್ರಿ, ಅವಕ್ಕೂ ಜೀವ ಐತಿ."

ಅಷ್ಟೇ ಹೇಳಿ ಹೊರಟುಹೋದರು. ಖಾಲಿ ಕೊಡಗಳು ಒಂದಕ್ಕೊಂದು ತಾಕುವ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಇನ್ನೊಂದು ತುಂಡು ಪೈಪು ಜೋಡಿಸಿ, ಅದರ ತುದಿ ಸಂಪಿನ ನೀರಿನೊಳಗೆ ಮುಳುಗುವಂತೆ ಮಾಡಿದೆ. ಈಗ ಸಪ್ಪಳ ಹೊರಗೆ ಕೇಳುವುದಿಲ್ಲ. ಆ ಎರಡು ಕೊಡ ತುಂಬಿಸಿ ಕಳಿಸುವಷ್ಟು ನೀರು ನಮ್ಮ ಟಾಕಿಯಲ್ಲಿತ್ತು ಎಂಬುದು ನನಗೆ ಹೊಳೆದದ್ದು, ಈ ಕೆಲಸ ಮುಗಿಸಿ ಕೈ ತೊಳೆಯುವಾಗ.