ಸೂಜಿಯಕ್ಕನ ಕುರ್ಚಿ

ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಹೊಸದು ಸುಮ್ಮನೆ ಸಿಗುವುದಿಲ್ಲ. ಮುರಿದ ಚೂರುಗಳನ್ನೆಲ್ಲ ಹುಡುಕಿ ಒಯ್ದು ತೋರಿಸಬೇಕು. ಅಂಗಿಯೊಳಗೆ ತುದಿ ಉಳಿದು, ಅದನ್ನು ಕೊಂಡವರ ಮೈಗೆ ಚುಚ್ಚಿದರೆ ಕಾರ್ಖಾನೆಯ ಮಾನ ಹೋಗುತ್ತದೆ. ಚೂರುಗಳನ್ನು ಜೋಡಿಸಿ, ಟೇಪು ಹಚ್ಚಿ ಪುಸ್ತಕಕ್ಕೆ ಅಂಟಿಸಿಕೊಂಡು ಹೊಸ ಸೂಜಿ ಕೊಡುವವರು ಸೂಜಿಯಕ್ಕ. ಹದಿನೆಂಟು ವರ್ಷ ನಿಂತೇ ಇಸ್ತ್ರಿ ಮಾಡಿ ಅವರ ಮಂಡಿಗಳೆರಡೂ ಕೈಕೊಟ್ಟಿದ್ದವು. ಡಾಕ್ಟರ ಚೀಟಿ ಹಿಡಿದು ಎರಡು ವರ್ಷ ಅಲೆದ ಮೇಲೆ, ಹೊಲಿಗೆ ಹಾಲ್‌ನ ಕೊನೆಯ ಕೋಣೆಯಲ್ಲಿ ಈ ಕೂತು ಮಾಡುವ ಕೆಲಸ ದಕ್ಕಿತ್ತು.

ಉತ್ಪಾದನೆ ಹೆಚ್ಚಿಸಲು ಹೊಸ ಅಧಿಕಾರಿ ಬಂದರು. ಕೈಯಲ್ಲಿ ಗಡಿಯಾರ, ಕುತ್ತಿಗೆಯಲ್ಲಿ ಟೈ, ಹೊಲಿಗೆಯ ಗಂಧಗಾಳಿ ಇಲ್ಲ. ಎರಡು ದಿನ ನನ್ನ ಬೆನ್ನ ಹಿಂದೆಯೇ ಸುತ್ತಿ, ಇವಳ ಕೈ ನಿಧಾನ, ಕೆಲಸದಿಂದ ತೆಗೆಯಬೇಕು ಎಂದರು. ಹಾಗೆಂದದ್ದು ನಾನು ಹೊಸ ಸೂಜಿಗೆ ಬಂದು ನಿಂತಿದ್ದಾಗ, ಸೂಜಿ ಕೋಣೆಯ ಮುಂದೆಯೇ. ಅಕ್ಕ ಕಿಟಕಿಯಿಂದ ತಲೆ ಹಾಕಿದರು.

"ಕೈ ನಿಧಾನ ಅಲ್ಲ ಸಾರ್, ದಾರಿ ಉದ್ದ. ಒಂದು ಸೂಜಿಗೆ ಇಲ್ಲಿಗೆ ಬಂದು ಹೋಗೋಕೇ ಹನ್ನೊಂದು ನಿಮಿಷ. ಸೂಜಿನೇ ಇವರ ಹತ್ರ ಹೋದ್ರೆ ಎಲ್ಲ ಸರಿಹೋಗುತ್ತೆ."

ಸೂಜಿಗೆ ಕಾಲಿಲ್ಲ. ಮಾರನೆಯ ದಿನದಿಂದ ಅಕ್ಕನೇ ತಳ್ಳುಗಾಡಿಯೊಂದಿಗೆ ಮಷೀನುಗಳ ನಾಲ್ಕೂ ಸಾಲು ಸುತ್ತಬೇಕು, ಚೂರು ಹುಡುಕುವುದೂ ಅವರೇ, ಟೈಲರ್‌ಗಳು ಏಳಕೂಡದು ಎಂದು ಆಜ್ಞೆಯಾಯಿತು. ನನ್ನ ಕೆಲಸ ಉಳಿಯಿತು, ಅವರ ಕುರ್ಚಿ ಹೋಯಿತು.

"ಯಾಕಕ್ಕಾ ಬಾಯಿ ಬಿಟ್ರಿ?" ಎಂದೆ.

"ಸುಮ್ನಿರೇ. ನಿಂಗೆ ಮಗು ಇದೆ, ನಂಗೆ ಮಂಡಿ ಇದೆ. ಮಂಡಿನ ಸ್ಕೂಲಿಗೆ ಕಳಿಸ್ಬೇಕಾಗಿಲ್ಲ."

ಉತ್ಪಾದನೆ ಏರಿತು. ಮೇಲಿನವರು ಅಧಿಕಾರಿಗೆ ಚಪ್ಪಾಳೆ ತಟ್ಟಿದರು. ಅಕ್ಕನ ಮಂಡಿ ಊದಿತು.

ಐದನೆಯ ದಿನ ನನ್ನ ಸೂಜಿ ಮುರಿದು ತುದಿ ಕಾಣೆಯಾಯಿತು. ಅಕ್ಕ ಗಾಡಿ ನಿಲ್ಲಿಸಿ, ನನ್ನ ಮಷೀನಿನ ಅಂಚು ಹಿಡಿದು ನೆಲಕ್ಕೆ ಇಳಿಯತೊಡಗಿದರು. ಬಾಯಿಂದ ಸಣ್ಣಗೆ ನರಳಿಕೆ ಬಂತು. ನನಗೆ ತಡೆಯಲಾಗಲಿಲ್ಲ, ಎದ್ದೆ. ಪಕ್ಕದವಳೂ ಎದ್ದಳು. ನಮ್ಮ ಸಾಲಿನ ಮೂವತ್ತೆರಡು ಮಷೀನೂ ನಿಂತವು. ಎಲ್ಲರೂ ನೆಲ ತಡಕಾಡಿದೆವು. ತುದಿ ನನ್ನ ತೋಳಿನ ಬಟ್ಟೆಯಲ್ಲೇ ಸಿಕ್ಕಿಕೊಂಡಿತ್ತು.

ಅಧಿಕಾರಿ ಗಡಿಯಾರ ನೋಡಿದರು. ನಾಲ್ಕು ನಿಮಿಷ.

"ಎಲ್ರೂ ಯಾಕೆ ಎದ್ರಿ?"

"ಅಕ್ಕ ಹಾಗೆ ಬಗ್ಗಿದ್ರೆ ನಮಗೆ ಕೂತಿರೋಕಾಗಲ್ಲ ಸಾರ್," ಎಂದೆ.

"ಪ್ರತಿ ಸಲಾನೂ ಏಳ್ತೀರಾ?"

"ಪ್ರತಿ ಸಲಾನೂ," ಎಂದಿತು ಇಡೀ ಸಾಲು.

ಅವರು ಮೂವತ್ತೆರಡು ಮಷೀನನ್ನು ನಾಲ್ಕು ನಿಮಿಷದಿಂದ ಗುಣಿಸಿದರು. ಮುಖ ಸಪ್ಪಗಾಯಿತು.

ಮಾರನೆಯ ಬೆಳಿಗ್ಗೆ ಕುರ್ಚಿ ನಾಲ್ಕೂ ಸಾಲುಗಳ ನಡುವೆ ಬಂದಿತ್ತು. ಚೂರು ಹುಡುಕುವುದು ಮತ್ತೆ ನಮ್ಮ ಪಾಲಿಗೆ. ಇದು ತಮ್ಮ ಎರಡನೆಯ ಸುಧಾರಣೆ ಎಂದು ಅಧಿಕಾರಿ ವರದಿಯಲ್ಲಿ ಬರೆದುಕೊಂಡರಂತೆ. ಬರೆದುಕೊಳ್ಳಲಿ. ಅಕ್ಕ ಕೂತು, ಮಂಡಿ ನೀವಿಕೊಂಡು, "ಏನ್ ನೋಡ್ತಿದ್ದೀರಾ? ಹೊಲೀರಿ," ಎಂದು ಗದರಿದರು. ಅವತ್ತು ನಾನು ಹೊಲಿದ ಮೊದಲ ಕಾಲರು ಸೊಟ್ಟಗಾಯಿತು. ಕಣ್ಣು ತುಂಬಿ ಹೊಲಿಗೆ ಕಾಣಲಿಲ್ಲ.